ಕಾಲೂ ಉಳಿಯಲಿ, ಆಟವೂ ಉಳಿಯಲಿ

(ಮಂಗಳೂರಿನಲ್ಲಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಕೂಲಿ, ಬೋನಸ್ಸು, ಅಕ್ಕಿಯ ಧಾರಣೆ ಇವುಗಳ ವಿಚಾರವಾಗಿ ಮಾತನಾಡುವ ವೇದಿಕೆಯಲ್ಲಿ ಕಾಲ್ಚೆಂಡಾಟದ ಮಾತೇಕೆ ಎಂದು ಕೆಲವು ಹಿರಿಯರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಣಕ್ಕಾಗಿ ಆಡುವ ಆಟಗಾರನು ತನ್ನ ಕಾಲನ್ನು ದುಡಿಸಿ ಅನ್ನ ತಿನ್ನುವವನು. ನಮ್ಮ ಅಕ್ಕತಂಗಿಯರು ಬೆರಳನ್ನು ದುಡಿಸಿ ಬೀಡಿ ಕಟ್ಟುವಂತೆ, ನಮ್ಮ ಅಣ್ಣತಮ್ಮಂದಿರು ಭುಜವನ್ನು ದುಡಿಸಿ ಬಂದರಿನಲ್ಲಿ ಮೂಟೆ ಹೊರುವಂತೆ ಅವನೂ ದುಡಿಯುತ್ತಾನೆ. ಹೀಗೆ ದುಡಿಯುವ ಮೈಗೆ ಪೆಟ್ಟಾದಾಗ ಹೊಣೆ ಯಾರದು, ಪೆಟ್ಟಾಗದಂತೆ ಕಟ್ಟಳೆ ಮಾಡುವವರು ಯಾರು, ಆ ಕಟ್ಟಳೆಯನ್ನು ನಡೆಸುವವರು ಯಾರು ಎಂಬ ಪ್ರಶ್ನೆಗಳು ನಮ್ಮ ಸಂಘಗಳು ಹುಟ್ಟಿದಂದಿನಿಂದ ಕೇಳುತ್ತಾ ಬಂದ ಪ್ರಶ್ನೆಗಳು. ಇಂದು ಅವುಗಳನ್ನೇ ಮೈದಾನದ ಮಗ್ಗುಲಲ್ಲಿ ನಿಂತು ಕೇಳೋಣ.

ಇನ್ನೊಂದು ಕಾರಣವೂ ಉಂಟು. ಕಾಲ್ಚೆಂಡಾಟವು ಈ ಊರಿನ ಬಡವರ ಆಟ. ಇದಕ್ಕೆ ಬ್ಯಾಟು ಬೇಡ, ಪ್ಯಾಡು ಬೇಡ, ಒಂದು ಚೆಂಡಿದ್ದರೆ ಇಪ್ಪತ್ತೆರಡು ಮಂದಿ ಆಡಬಹುದು. ನೆಹರೂ ಮೈದಾನಿನಲ್ಲಿ ಮಳೆಗಾಲದ ಕೆಸರಿನಲ್ಲಿ ಆಡುವ ಹುಡುಗರನ್ನು ನೀವೆಲ್ಲ ನೋಡಿದ್ದೀರಿ. ಬೆಂಗ್ರೆಯ, ಉಳ್ಳಾಲದ, ಬಂದರಿನ ಮಕ್ಕಳು ಅವರು. ಮೀನುಗಾರರ, ಹಮಾಲರ, ಗೂಡಂಗಡಿಯವರ ಮಕ್ಕಳು. ಅವರಲ್ಲಿ ಒಬ್ಬಿಬ್ಬರು ದೊಡ್ಡ ಆಟಗಾರರಾಗಬಹುದು. ಉಳಿದವರು ನಾಳೆ ಕೆಲಸಕ್ಕೆ ಹೋಗಬೇಕಾದವರು. ಮೊಣಕಾಲು ಮುರಿದ ಹುಡುಗನಿಗೆ ಬೋಟಿನಲ್ಲಿಯೂ ಕೆಲಸವಿಲ್ಲ, ಗೋದಾಮಿನಲ್ಲಿಯೂ ಕೆಲಸವಿಲ್ಲ. ಶ್ರೀಮಂತನ ಮಗನಿಗೆ ಕಾಲು ಮುರಿದರೆ ಆಟ ಹೋಗುತ್ತದೆ. ಬಡವನ ಮಗನಿಗೆ ಕಾಲು ಮುರಿದರೆ ಗಂಜಿಯೂ ಹೋಗುತ್ತದೆ.

ಈಗ ವಿಷಯಕ್ಕೆ ಬರೋಣ. ಎದುರಾಳಿಯ ಕಾಲಿನಲ್ಲಿರುವ ಚೆಂಡನ್ನು ಕಸಿಯುವುದಕ್ಕೆ ನುಗ್ಗುವುದನ್ನು ಟ್ಯಾಕಲ್ ಎನ್ನುತ್ತಾರೆ. ಟ್ಯಾಕಲ್ ಇಲ್ಲದೆ ಕಾಲ್ಚೆಂಡಾಟವಿಲ್ಲ, ಹಿಡಿತವಿಲ್ಲದೆ ಕಬಡ್ಡಿ ಇಲ್ಲದ ಹಾಗೆ. ಆದರೆ ಕಬಡ್ಡಿಯಲ್ಲಿಯೂ ಹಿಡಿತಕ್ಕೆ ಕಟ್ಟಳೆಯುಂಟು. ರೈಡರನ ಬಾಯಿ ಮುಚ್ಚಿ ಉಸಿರುಗಟ್ಟಿಸಬಾರದು, ಕುತ್ತಿಗೆ ಹಿಸುಕಬಾರದು. ಕಾಲ್ಚೆಂಡಾಟದಲ್ಲಿಯೂ ಅಷ್ಟೇ. ಚೆಂಡಿಗಾಗಿ ನುಗ್ಗುವುದು ಬೇರೆ, ಕಾಲಿಗಾಗಿ ನುಗ್ಗುವುದು ಬೇರೆ. ಇವೆರಡರ ನಡುವೆ ಗೆರೆ ಎಲ್ಲಿ ಎಳೆಯಬೇಕು ಎಂಬುದರ ಬಗೆಗೆ ನೂರಅರುವತ್ತು ವರ್ಷಗಳಿಂದ ವಾದ ನಡೆಯುತ್ತಲೇ ಇದೆ. ಗೆರೆಯನ್ನು ಬಿಗಿ ಮಾಡಿದಾಗಲೆಲ್ಲ ಒಂದು ಪಕ್ಷದವರು, “ಅಯ್ಯೋ, ಆಟದ ಗಂಡಸುತನವೇ ಹೋಯಿತು” ಎಂದು ಕೂಗಿದ್ದಾರೆ. ಇಂದಿಗೂ ನಮ್ಮ ಮೈದಾನದ ಅಂಚಿನಲ್ಲಿ ಆ ಕೂಗು ಕೇಳಿಸುತ್ತದೆ. ರೆಫರಿ ಸೀಟಿ ಊದಿದ ಕೂಡಲೇ, “ಹಾಗಾದರೆ ಮನೆಯಲ್ಲಿ ಕುಳಿತು ಚೆನ್ನೆಮಣೆ ಆಡಲಿ” ಎನ್ನುವವರಿದ್ದಾರೆ.

ಆ ಕೂಗು ಎಷ್ಟು ಹಳೆಯದೆಂದು ನೋಡಿರಿ. 1863ರಲ್ಲಿ ಲಂಡನ್ನಿನಲ್ಲಿ ಹಲವು ಕ್ಲಬ್ಬುಗಳವರು ಸೇರಿ ಆಟಕ್ಕೊಂದು ಸಾಮಾನ್ಯ ಕಟ್ಟಳೆ ಬರೆಯಲು ಕುಳಿತರು. ಆಗ ಎದುರಾಳಿಯ ಮೊಳಕಾಲಿಗೆ ಬೇಕೆಂದೇ ಬೂಟಿನಿಂದ ಒದೆಯುವುದು ಆಟದ ಒಂದು ಭಾಗವೆಂದೇ ಎಣಿಕೆಯಾಗಿತ್ತು. ಅದನ್ನು ನಿಲ್ಲಿಸಬೇಕೆಂದು ಬಹುಮತ ಬಂದಾಗ ಬ್ಲ್ಯಾಕ್‌ಹೀತ್ ಎಂಬ ಕ್ಲಬ್ಬಿನವರು ಸಿಟ್ಟಾದರು. ಒದೆಯುವುದನ್ನು ತೆಗೆದರೆ ಆಟದ ಕೆಚ್ಚೇ ಹೋಗುತ್ತದೆ, ಒಂದು ವಾರದ ಅಭ್ಯಾಸ ಮಾಡಿದ ಫ್ರೆಂಚರು ಬಂದು ನಿಮ್ಮನ್ನು ಸೋಲಿಸಿಯಾರು ಎಂಬುದು ಅವರ ಪ್ರತಿನಿಧಿಯ ವಾದ. ಕಡೆಗೆ ಅವರು ಸಂಘವನ್ನೇ ಬಿಟ್ಟು ಹೊರನಡೆದರು. ಆಮೇಲೆ ಏನಾಯಿತು? 1871ರಲ್ಲಿ ಅದೇ ಬ್ಲ್ಯಾಕ್‌ಹೀತ್ ಮತ್ತಿತರ ಕ್ಲಬ್ಬುಗಳು ಸೇರಿ ರಗ್ಬಿ ಆಟದ ಒಕ್ಕೂಟ ಕಟ್ಟಿದವು. ಆ ಒಕ್ಕೂಟದ ಕಟ್ಟಳೆಗಳಲ್ಲಿಯೂ ಮೊಳಕಾಲಿಗೆ ಒದೆಯುವುದನ್ನು ನಿಷೇಧಿಸಲಾಯಿತು! ಎಂಟು ವರ್ಷಗಳಲ್ಲಿ ಗಂಡಸುತನದ ಸಿದ್ಧಾಂತ ಮಣ್ಣುಗೂಡಿತು. ಆಟ ಸಾಯಲಿಲ್ಲ. ಎರಡೂ ಆಟಗಳು ಜಗತ್ತನ್ನೇ ಆವರಿಸಿದವು.

ಗಿರಣಿ ಕಾರ್ಮಿಕರಿಗೆ ಈ ಕತೆ ಹೊಸದೆನಿಸಲಾರದು. ನಮ್ಮ ದೇಶದ ಮೊದಲ ಕಾರ್ಖಾನೆ ಕಾನೂನು 1881ರಲ್ಲಿ ಬಂದಿತು. ಏಳು ವರ್ಷಕ್ಕಿಂತ ಸಣ್ಣ ಮಕ್ಕಳನ್ನು ದುಡಿಸಬಾರದು, ಅಪಾಯದ ಯಂತ್ರಗಳಿಗೆ ಬೇಲಿ ಹಾಕಬೇಕು ಎಂಬಷ್ಟೇ ಅಲ್ಪಸ್ವಲ್ಪದ ಕಾನೂನು ಅದು. ಅದಕ್ಕೂ ಗಿರಣಿ ಮಾಲಿಕರ ವಿರೋಧವಿತ್ತು. ಉದ್ಯಮವೇ ಹಾಳಾದೀತೆಂದು ಅವರು ಹೇಳಿದರು. ಗಂಡಾಳಿನ ದುಡಿಮೆಯನ್ನು ದಿನಕ್ಕೆ ಹನ್ನೆರಡು ಗಂಟೆಗೆ ಇಳಿಸುವುದಕ್ಕೆ 1911ರ ವರೆಗೆ ಕಾಯಬೇಕಾಯಿತು. ಉದ್ಯಮ ಹಾಳಾಗಲಿಲ್ಲ. ಬೇಲಿ ಹಾಕಿದ ಯಂತ್ರವೂ ನೂಲು ತೆಗೆಯಿತು. ಟ್ಯಾಕಲಿನ ಕಟ್ಟಳೆಯೆಂದರೆ ಯಂತ್ರಕ್ಕೆ ಹಾಕಿದ ಬೇಲಿಯೇ. ಬೇಲಿ ಬಂದರೆ ಕೆಲಸ ನಿಲ್ಲುತ್ತದೆ ಎಂದವರ ಮಾತು ಅಲ್ಲಿ ಸುಳ್ಳಾದಂತೆ ಇಲ್ಲಿಯೂ ಸುಳ್ಳಾಗಿದೆ.

ಆದರೆ ಒಂದು ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ. ಕಾರ್ಖಾನೆಯಲ್ಲಿ ಕೈ ತುಂಡಾದ ಮೇಲೆ ಬೇಲಿ ಬಂದಂತೆ, ಆಟದಲ್ಲಿಯೂ ದೊಡ್ಡವರೊಬ್ಬರ ಕಾಲಿಗೆ ಪೆಟ್ಟಾದ ಮೇಲೆಯೇ ಕಟ್ಟಳೆ ಬಂದಿದೆ. 1931ರ ಸೆಪ್ಟೆಂಬರ್ 5ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಸೆಲ್ಟಿಕ್ ತಂಡದ ಗೋಲಿ ಜಾನ್ ಥಾಮ್ಸನ್ ಚೆಂಡಿಗಾಗಿ ಎದುರಾಳಿಯ ಕಾಲಿಗೆ ಅಡ್ಡ ಹಾರಿದ. ಎದುರಾಳಿಯ ಮೊಣಕಾಲು ತಲೆಗೆ ಬಡಿಯಿತು. ಅದೇ ರಾತ್ರಿ ಅವನು ತೀರಿಕೊಂಡ. ವಯಸ್ಸು 22. ಆಟಕ್ಕೆ ಬರುವ ಮೊದಲು ಅವನು ಕಲ್ಲಿದ್ದಲು ಗಣಿಯ ಕೂಲಿಯಾಗಿದ್ದ. ಅದು ಆಕಸ್ಮಿಕ, ಯಾರ ದ್ವೇಷವೂ ಇರಲಿಲ್ಲ. ಗಣಿಯೊಳಗಿನ ಸಾವುಗಳಲ್ಲಿಯೂ ಸಾಮಾನ್ಯವಾಗಿ ಯಾರ ದ್ವೇಷವೂ ಇರುವುದಿಲ್ಲ. ದ್ವೇಷವಿಲ್ಲದೆಯೂ ಜನ ಸಾಯುತ್ತಾರೆ ಎಂಬುದಕ್ಕಾಗಿಯೇ ಕಟ್ಟಳೆ ಬೇಕಾಗುವುದು.

1956ರಲ್ಲಿ ಇಂಗ್ಲೆಂಡಿನ ಕಪ್ ಫೈನಲಿನಲ್ಲಿ ಬರ್ಟ್ ಟ್ರೌಟ್‌ಮನ್ ಎಂಬ ಗೋಲಿ ಮುರಿದ ಕುತ್ತಿಗೆಯಿಂದಲೇ ಕೊನೆಯ ಹದಿನೇಳು ನಿಮಿಷ ಆಡಿದ. ಪತ್ರಿಕೆಗಳು ಅವನ ಸಾಹಸವನ್ನು ಹಾಡಿ ಹೊಗಳಿದವು. ನಾನೂ ಅವನ ಕೆಚ್ಚಿಗೆ ಕೈಮುಗಿಯುತ್ತೇನೆ. ಆದರೆ ಅವನೇಕೆ ಆಡಬೇಕಾಯಿತು? ಗಾಯಗೊಂಡವನ ಬದಲು ಮತ್ತೊಬ್ಬನನ್ನು ಇಳಿಸಲು ಅಂದಿನ ಕಟ್ಟಳೆಯಲ್ಲಿ ಅವಕಾಶವಿರಲಿಲ್ಲ. ಇಂಗ್ಲೆಂಡಿನ ಲೀಗಿನಲ್ಲಿ ಗಾಯಾಳುವಿನ ಬದಲಿಗೆ ಒಬ್ಬನನ್ನು ಬಿಡುವ ಪದ್ಧತಿ ಬಂದದ್ದು 1965ರಲ್ಲಿ. ವಿಶ್ವಕಪ್ಪಿಗೆ ಬಂದದ್ದು 1970ರಲ್ಲಿ. ಜ್ವರದಲ್ಲಿಯೂ ಪಾಳಿಗೆ ಬಂದ ಕೂಲಿಯನ್ನು ಮಾಲಿಕನು ನಿಷ್ಠಾವಂತನೆಂದು ಹೊಗಳುವುದನ್ನು ನಾವು ಕಂಡಿಲ್ಲವೇ? ಆ ಹೊಗಳಿಕೆಯ ಹಿಂದೆ ರಜೆಯ ಹಕ್ಕು ಇಲ್ಲದಿರುವುದು ಅಡಗಿರುತ್ತದೆ.

1966ರ ವಿಶ್ವಕಪ್ಪಿನಲ್ಲಿ ಬ್ರೆಜಿಲಿನ ಪೆಲೆಯನ್ನು ಬಲ್ಗೇರಿಯದವರೂ ಪೋರ್ಚುಗಲ್ಲಿನವರೂ ಒದ್ದು ಒದ್ದು ಕುಂಟುವಂತೆ ಮಾಡಿದರು. ಅದೇ ಕೂಟದಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನಗಳ ಪಂದ್ಯ ದೊಡ್ಡ ಜಗಳವಾಯಿತು. ರೆಫರಿ ಯಾರಿಗೆ ಏನು ಎಚ್ಚರಿಕೆ ಕೊಟ್ಟನೆಂಬುದೇ ಸ್ಪಷ್ಟವಾಗಲಿಲ್ಲ. ಅದರ ಫಲವಾಗಿ ಕೆನ್ ಆಸ್ಟನ್ ಎಂಬ ಅಧಿಕಾರಿಯ ಆಲೋಚನೆಯಂತೆ 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಹಳದಿ ಮತ್ತು ಕೆಂಪು ಕಾರ್ಡುಗಳು ಬಂದವು. ಭಾಷೆ ತಿಳಿಯದವನಿಗೂ ತಿಳಿಯುವ ಕಾನೂನು ಅದು. ಹಾಲೆಂಡಿನ ಮಾರ್ಕೊ ವಾನ್ ಬಾಸ್ಟನ್ ಎಂಬ ಮಹಾನ್ ಆಟಗಾರನು ಹಾಳಾದ ಕಣಕಾಲಿನಿಂದಾಗಿ 1993ರಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ, ತನ್ನ ಕೊನೆಯ ದೊಡ್ಡ ಪಂದ್ಯ ಆಡಿದ. 1998ರ ಫ್ರಾನ್ಸ್ ವಿಶ್ವಕಪ್ಪಿಗೆ ಸ್ವಲ್ಪ ಮುಂಚೆ, ಹಿಂದಿನಿಂದ ನುಗ್ಗಿ ಎದುರಾಳಿಯ ಕ್ಷೇಮಕ್ಕೆ ಅಪಾಯ ತರುವ ಟ್ಯಾಕಲಿಗೆ ನೇರವಾಗಿ ಕೆಂಪು ಕಾರ್ಡು ಎಂದು ಕಟ್ಟಳೆಯಾಯಿತು. 2005ರಲ್ಲಿ ‘ಹಿಂದಿನಿಂದ’ ಎಂಬ ಮಾತನ್ನೂ ತೆಗೆದು, ಯಾವ ದಿಕ್ಕಿನಿಂದ ಬಂದರೂ ಅಪಾಯಕಾರಿಯಾದರೆ ಶಿಕ್ಷೆ ಎಂದು ತಿದ್ದಿದರು. ಅದು ಸರಿಯೇ. ಮುಂದಿನಿಂದ ಬಂದ ಲಾರಿಯೂ ಕಾಲನ್ನು ಮುರಿಯುತ್ತದೆ.

ಇಂದಿನ ಕಟ್ಟಳೆ ಮೂರು ಮೆಟ್ಟಿಲಿನದು. ಅಜಾಗ್ರತೆಯಿಂದ ನುಗ್ಗಿದರೆ ಎದುರು ಪಕ್ಷಕ್ಕೆ ಫ್ರೀ ಕಿಕ್. ಎದುರಾಳಿಗೆ ಅಪಾಯವಾದೀತೆಂಬ ಪರಿವೆಯೇ ಇಲ್ಲದೆ ದುಡುಕಿದರೆ ಹಳದಿ ಕಾರ್ಡು. ಮಿತಿಮೀರಿದ ಬಲ ಹಾಕಿದರೆ, ಮೈಗೆ ಅಪಾಯ ತಂದರೆ ಕೆಂಪು ಕಾರ್ಡು. ಇದರಲ್ಲಿ ಅನ್ಯಾಯವೇನು?

ವಿರೋಧಿಸುವವರ ವಾದವನ್ನೂ ನಾವು ನ್ಯಾಯವಾಗಿ ಕೇಳಬೇಕು. ಅವರು ಹೇಳುವುದರಲ್ಲಿ ಎರಡು ಮಾತುಗಳಿಗೆ ತೂಕವಿದೆ. ಒಂದು: ಕಟ್ಟಳೆ ಬಿಗಿಯಾದಂತೆ ಸುಳ್ಳು ಬೀಳುವವರು ಹೆಚ್ಚುತ್ತಾರೆ, ಗಾಳಿ ತಾಗಿದರೂ ನೆಲಕ್ಕೆ ಬಿದ್ದು ಹೊರಳುತ್ತಾರೆ. ಇದು ನಿಜ. ಅದಕ್ಕಾಗಿಯೇ 1999ರಿಂದ ಸುಳ್ಳು ಬೀಳುವವನಿಗೂ ಹಳದಿ ಕಾರ್ಡು ತೋರಿಸುವ ಕಟ್ಟಳೆ ಬಂದಿದೆ. ಸುಳ್ಳು ಗಾಯದ ಅರ್ಜಿ ಹಾಕಿದವನೊಬ್ಬನಿದ್ದಾನೆಂದು ನಿಜವಾಗಿ ಕೈ ಕಳೆದುಕೊಂಡವನ ಪರಿಹಾರವನ್ನು ನಿಲ್ಲಿಸಿದರೆ ನಾವು ಒಪ್ಪುತ್ತೇವೆಯೇ? ಎರಡನೆಯದು: ಒಬ್ಬ ರೆಫರಿಯ ಕೈಗೆ ಇಷ್ಟು ಅಧಿಕಾರ ಕೊಟ್ಟರೆ ಪಕ್ಷಪಾತವಾಗುವುದಿಲ್ಲವೇ? ಆಗಬಹುದು. ಅದಕ್ಕೆ ಮದ್ದು ಒಳ್ಳೆಯ ರೆಫರಿಗಳನ್ನು ತಯಾರು ಮಾಡುವುದು, ಅವರಿಗೆ ತಕ್ಕ ಸಂಭಾವನೆ ಕೊಡುವುದು, ಅವರ ಮೈಮೇಲೆ ಏರಿ ಹೋಗುವವರನ್ನು ತಡೆಯುವುದು. ಫ್ಯಾಕ್ಟರಿ ಇನ್‌ಸ್ಪೆಕ್ಟರನು ಕೆಟ್ಟವನೆಂದು ಫ್ಯಾಕ್ಟರಿ ಕಾನೂನನ್ನೇ ಸುಡುವುದು ಮದ್ದಲ್ಲ.

ಇಲ್ಲಿ ಕುಳಿತಿರುವ ವರ್ತಕ ಬಂಧುಗಳಿಗೆ ಒಂದು ಮಾತು. ಸರಿಯಾದ ತೂಕದ ಕಲ್ಲು ಇಟ್ಟ ಅಂಗಡಿಯವನಿಗೆ ತೂಕದ ಕಾನೂನಿನ ಹೆದರಿಕೆಯಿಲ್ಲ. ಕಾನೂನು ಸಡಿಲವಾದರೆ ನಷ್ಟ ಅವನಿಗೇ. ಪಕ್ಕದವನು ಕಳ್ಳ ತೂಕದಲ್ಲಿ ಅಗ್ಗಕ್ಕೆ ಮಾರಿ ಅವನ ಗಿರಾಕಿಯನ್ನು ಎಳೆಯುತ್ತಾನೆ. ಆಟದಲ್ಲಿಯೂ ಹೀಗೆಯೇ. ಚೆಂಡನ್ನು ಮಾತ್ರ ಕಸಿಯುವ ವಿದ್ಯೆ ಕಲಿಯುವುದಕ್ಕೆ ವರ್ಷಗಟ್ಟಲೆ ಬೇಕು. ಕಾಲಿಗೆ ಒದೆಯುವುದಕ್ಕೆ ವಿದ್ಯೆ ಬೇಡ. ಕಟ್ಟಳೆ ಸಡಿಲವಾದರೆ ವಿದ್ಯಾವಂತನ ಜಾಗವನ್ನು ಒದೆಯುವವನು ಹಿಡಿಯುತ್ತಾನೆ. ಆದುದರಿಂದ ಒಳ್ಳೆಯ ರಕ್ಷಣಾ ಆಟಗಾರನೇ ಬಿಗಿಯಾದ ಟ್ಯಾಕಲ್ ಕಟ್ಟಳೆಯನ್ನು ಮೊದಲು ಬಯಸಬೇಕು.

ನಮ್ಮ ದೇಶದ ಅನುಭವವೂ ಇದನ್ನೇ ಹೇಳುತ್ತದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ತಂಡದ ಹೆಚ್ಚಿನವರು ಬರಿಗಾಲಿನಲ್ಲಿ ಫ್ರಾನ್ಸಿನ ವಿರುದ್ಧ ಆಡಿ 2–1ರಿಂದ ಸೋತರು. ನಮ್ಮ ಪರ ಒಂದೇ ಗೋಲು ಹೊಡೆದವರು ಮೈಸೂರು ರಾಜ್ಯದ ಆಟಗಾರ ಎಸ್. ರಾಮನ್. ಬರಿಗಾಲಿನ ಆ ಆಟವನ್ನು ಲೋಕವೆಲ್ಲ ಕೊಂಡಾಡಿತು. ನಾಲ್ಕು ವರ್ಷದ ಮೇಲೆ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿತು. ಅದರ ಬಳಿಕ ನಮ್ಮ ಫುಟ್‌ಬಾಲ್ ಫೆಡರೇಶನ್ ಬೂಟನ್ನು ಕಡ್ಡಾಯ ಮಾಡಿತು. ಬರಿಗಾಲನ್ನು ಕೊಂಡಾಡುವುದು ಸುಲಭ, ಬೂಟಿನ ಕೆಳಗೆ ಸಿಕ್ಕಿದ ಬೆರಳಿನ ನೋವು ಆಟಗಾರನಿಗೆ ಮಾತ್ರ ಗೊತ್ತು. ಬಡತನವನ್ನು ಸಾಹಸವೆಂದು ಹಾಡುವ ಚಾಳಿ ನಮ್ಮಲ್ಲಿ ಬಹಳವಿದೆ.

ಸಂಗಾತಿಗಳೇ, ಇನ್ನು ನಮ್ಮ ರಾಜ್ಯದಲ್ಲಿಯೇ ನಡೆದ ಎರಡು ಸಾವುಗಳ ಮಾತು. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಶನ್ ಕಪ್ ಫೈನಲ್. ಗೋವೆಯ ಡೆಂಪೊ ತಂಡಕ್ಕೂ ಕಲ್ಕತ್ತೆಯ ಮೋಹನ್ ಬಾಗಾನ್ ತಂಡಕ್ಕೂ ಪಂದ್ಯ. ಡೆಂಪೊ ಪರವಾಗಿ ಆಡುತ್ತಿದ್ದವನು ಬ್ರೆಜಿಲಿನ ಕ್ರಿಸ್ಟಿಯಾನೊ ಜೂನಿಯರ್, ಹೊಟ್ಟೆಪಾಡಿಗಾಗಿ ಕಡಲು ದಾಟಿ ಬಂದ ತರುಣ. ತಂಡದ ಎರಡೂ ಗೋಲುಗಳನ್ನು ಅವನೇ ಹೊಡೆದ. ಎರಡನೆಯ ಗೋಲು ಹೊಡೆಯುವ ಹೊತ್ತಿಗೆ ಎದುರು ಪಕ್ಷದ ಗೋಲಿ ಬಂದು ಡಿಕ್ಕಿಯಾದ. ಚೆಂಡು ಗೋಲಿನೊಳಗೆ ಹೋಯಿತು, ಹೊಡೆದವನು ಏಳಲಿಲ್ಲ. ಡೆಂಪೊ 2–0ರಿಂದ ಗೆದ್ದಿತು, ಗೆಲ್ಲಿಸಿದವನು ಸತ್ತಿದ್ದ. ಮೈದಾನದಲ್ಲಿ ಕೂಡಲೇ ಸರಿಯಾದ ವೈದ್ಯಸಹಾಯ ದೊರೆಯಲಿಲ್ಲವೆಂದು ದೇಶದಾದ್ಯಂತ ಆಕ್ಷೇಪಣೆ ಎದ್ದಿತು. ಎಲ್ಲರ ಸಿಟ್ಟೂ ಆ ಗೋಲಿಯ ಮೇಲೆ ತಿರುಗಿತು. ಅವನ ಹೆಸರನ್ನು ಇಲ್ಲಿ ಎತ್ತುವ ಅಗತ್ಯವಿಲ್ಲ. ಅವನೂ ಹರೆಯದ ಹುಡುಗ, ಅವನೂ ಸಂಬಳದ ಆಟಗಾರ. ಅವನ ಟ್ಯಾಕಲ್ ಸರಿಯೋ ತಪ್ಪೋ ಎಂದು ಜನ ತಿಂಗಳುಗಟ್ಟಲೆ ಚರ್ಚಿಸಿದರು. ರೇಖೆಯ ಹೊರಗೆ ಏನೇನು ಸಿದ್ಧವಿರಬೇಕಾಗಿತ್ತು ಎಂಬ ಪ್ರಶ್ನೆ ಅಷ್ಟು ದಿನ ಬಾಳಲಿಲ್ಲ.

ಬಾಳಲಿಲ್ಲವೆಂಬುದಕ್ಕೆ ಸಾಕ್ಷಿ ಎಂಟು ವರ್ಷದೊಳಗೆ ಅದೇ ಬೆಂಗಳೂರಿನಲ್ಲಿ ಸಿಕ್ಕಿತು. 2012ರ ಮಾರ್ಚ್ 21ರಂದು ಬೆಂಗಳೂರಿನ ಎ ಡಿವಿಜನ್ ಲೀಗ್ ಪಂದ್ಯದಲ್ಲಿ ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಮೈದಾನದಲ್ಲಿಯೇ ಕುಸಿದ. ಇದು ಟ್ಯಾಕಲಿನಿಂದ ಆದ ಸಾವಲ್ಲ. ಆದರೆ ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಅವನನ್ನು ಆಟೋರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಜೀವ ಉಳಿಯಲಿಲ್ಲ. ಅದಕ್ಕೆ ಕೇವಲ ನಾಲ್ಕು ದಿನ ಹಿಂದೆ, ಮಾರ್ಚ್ 17ರಂದು, ಲಂಡನ್ನಿನಲ್ಲಿ ಬೋಲ್ಟನ್ ತಂಡದ ಫ್ಯಾಬ್ರಿಸ್ ಮುವಾಂಬ ಹೀಗೆಯೇ ಕುಸಿದಿದ್ದ. ಎಪ್ಪತ್ತೆಂಟು ನಿಮಿಷ ಅವನ ಎದೆಯ ಬಡಿತ ನಿಂತಿತ್ತು. ಆದರೆ ಅಲ್ಲಿ ವೈದ್ಯರು ರೇಖೆಯ ಬದಿಯಲ್ಲಿದ್ದರು, ಎದೆಗೆ ವಿದ್ಯುತ್ ಆಘಾತ ಕೊಡುವ ಯಂತ್ರವಿತ್ತು. ಅವನು ಬದುಕಿದ. ಎರಡು ದೇಹಗಳ ಒಳಗಿನ ಕಾಯಿಲೆ ಒಂದೇ ಆಗಿತ್ತೆಂದು ನಾನು ಹೇಳುವುದಿಲ್ಲ. ಒಬ್ಬನಿಗೆ ಬದುಕುವ ಒಂದು ಅವಕಾಶವನ್ನು ಒದಗಿಸಿಟ್ಟಿದ್ದರು, ಮತ್ತೊಬ್ಬನಿಗೆ ಅದನ್ನು ಒದಗಿಸಿರಲಿಲ್ಲ ಎಂಬಷ್ಟನ್ನು ಮಾತ್ರ ಹೇಳುತ್ತೇನೆ. ಇದನ್ನು ಹಣೆಬರಹವೆಂದು ಕರೆಯುವವರು ತೀರ ಸುಲಭವಾಗಿ ತಮ್ಮ ಕೈತೊಳೆದುಕೊಳ್ಳುತ್ತಾರೆ.

ಕಾಣಿಸುವ ಗಾಯದ ಮಾತಾಯಿತು. ಕಾಣಿಸದ ಗಾಯವೂ ಉಂಟು. ತಲೆಗೆ ಏಟು ಬಿದ್ದವನು ಎದ್ದು ನಿಲ್ಲುತ್ತಾನೆ, ನಗುತ್ತಾನೆ, ಆಡುತ್ತಾನೆ. ಒಳಗೆ ಮಿದುಳು ಅಲುಗಿರುತ್ತದೆ. 2014ರ ವಿಶ್ವಕಪ್ ಫೈನಲಿನಲ್ಲಿ ಜರ್ಮನಿಯ ಕ್ರಾಮರ್ ಎಂಬವನು ತಲೆಗೆ ಏಟು ತಿಂದ ಮೇಲೂ ಸುಮಾರು ಕಾಲು ಗಂಟೆ ಮೈದಾನದಲ್ಲಿದ್ದ. ಇದು ಫೈನಲ್ ಪಂದ್ಯವೇ ಎಂದು ರೆಫರಿಯನ್ನೇ ಕೇಳಿದನಂತೆ! ಈಗ ತಲೆಗೆ ಪೆಟ್ಟಾದವನ ಬದಲು ಹೆಚ್ಚುವರಿಯಾಗಿ ಒಬ್ಬನನ್ನು ಇಳಿಸಬಹುದೆಂಬ ಕಟ್ಟಳೆ ಬಂದಿದೆ. 2021ರಲ್ಲಿ ಪ್ರಯೋಗವಾಗಿ ಆರಂಭವಾದ ಇದು 2024ರಿಂದ ಆಟದ ಕಾನೂನಿನಲ್ಲಿಯೇ ಸೇರಿದೆ. ಆದರೆ ಅದನ್ನು ಅಳವಡಿಸಿಕೊಳ್ಳುವುದು, ಬಿಡುವುದು ಕೂಟದ ವ್ಯವಸ್ಥಾಪಕರ ಇಚ್ಛೆಗೆ ಸೇರಿದ್ದು. ಈ ಮಾತನ್ನು ನೆನಪಿಡಿರಿ; ಕೊನೆಯಲ್ಲಿ ಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ ಜೆಫ್ ಆಸ್ಟಲ್ ಎಂಬ ಆಟಗಾರನಿದ್ದ. ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಹೆಸರಾದವನು. 2002ರಲ್ಲಿ, 59ನೆಯ ವಯಸ್ಸಿನಲ್ಲಿ, ಮರೆವಿನ ಕಾಯಿಲೆಯಿಂದ ತೀರಿಕೊಂಡ. ಸಾವಿನ ವಿಚಾರಣೆ ನಡೆಸಿದ ಅಧಿಕಾರಿಯು ಆ ಸಾವಿಗೆ ಕೊಟ್ಟ ಹೆಸರೇನು ಗೊತ್ತೇ? ಔದ್ಯೋಗಿಕ ರೋಗ. ಹತ್ತಿಯ ಧೂಳು ಕುಡಿದ ಗಿರಣಿ ಕೂಲಿಯ ಎದೆರೋಗಕ್ಕೆ, ಕಲ್ಲು ಒಡೆಯುವವನ ಶ್ವಾಸಕೋಶದ ರೋಗಕ್ಕೆ ಕೊಡುವ ಹೆಸರು. 2019ರಲ್ಲಿ ಸ್ಕಾಟ್ಲೆಂಡಿನ ವೈದ್ಯರು ಹಳೆಯ ವೃತ್ತಿ ಆಟಗಾರರನ್ನು ಇತರರೊಡನೆ ಹೋಲಿಸಿ ನೋಡಿದಾಗ, ಮಿದುಳು ಸವೆಯುವ ರೋಗಗಳಿಂದ ಸಾಯುವ ಸಂಭವ ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು ಕಂಡುಬಂತು. ಆಟವೂ ಒಂದು ಉದ್ಯೋಗ, ಅದರಲ್ಲಿಯೂ ಉದ್ಯೋಗದ ರೋಗಗಳುಂಟು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೇ?

ಉದ್ಯೋಗವೆಂದ ಮೇಲೆ ಹೊಣೆಯ ಪ್ರಶ್ನೆ ಬರಲೇಬೇಕು. ನಮ್ಮ ದೇಶದಲ್ಲಿ 1923ರಷ್ಟು ಹಿಂದೆಯೇ ಕಾರ್ಮಿಕರ ಪರಿಹಾರ ಕಾನೂನು ಬಂದಿತು. ಕೆಲಸದಿಂದ, ಕೆಲಸದ ಹೊತ್ತಿನಲ್ಲಿ ಆದ ಗಾಯಕ್ಕೆ ಕೆಲಸ ಕೊಟ್ಟವನೇ ಪರಿಹಾರ ಕೊಡಬೇಕೆಂಬುದು ಅದರ ತತ್ತ್ವ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ತತ್ತ್ವವನ್ನು ತನ್ನೊಳಗೆ ಇಟ್ಟುಕೊಂಡಿದೆ. ದೊಡ್ಡ ಆಟದ ದೊಡ್ಡ ಮಾಲಿಕರು ತಮ್ಮ ನಷ್ಟದ ಬಗೆಗೆ ಬಹಳ ಜಾಗರೂಕರು. 2012ರಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಫೀಫಾ ಒಂದು ವಿಮೆ ಆರಂಭಿಸಿತು. ದೇಶದ ಪರವಾಗಿ ಆಡುವಾಗ ಗಾಯಗೊಂಡ ಆಟಗಾರನ ಸಂಬಳದ ಬಾಬ್ತು ಅವನ ಕ್ಲಬ್ಬಿಗೆ 75 ಲಕ್ಷ ಯೂರೋಗಳ ವರೆಗೆ ಪರಿಹಾರ. ಅದರಿಂದ ಆಟಗಾರನಿಗೆ ಸಂಬಳ ತಪ್ಪದೆ ಸಿಗುತ್ತದೆ ಎಂಬುದು ನಿಜ, ಒಳ್ಳೆಯದೇ. ಆದರೆ ಮೇಲಿನ ಮಹಡಿಯಲ್ಲಿ ಇಷ್ಟು ಭದ್ರತೆ ಇರುವಾಗ ಕೆಳಗಿನ ಮಹಡಿಯಲ್ಲಿ ಏನಿದೆ?

ಕೆಳಗಿನ ಮಹಡಿಯನ್ನು ನೋಡಲು ದೂರ ಹೋಗಬೇಕಾಗಿಲ್ಲ. ನಮ್ಮ ಗಡಿಯಾಚೆ ಕಾಸರಗೋಡಿನಿಂದ ಮಲಪ್ಪುರದವರೆಗೆ ಸೆವೆನ್ಸ್ ಎಂಬ ಏಳೇಳು ಮಂದಿಯ ಆಟ ಜನರ ಹುಚ್ಚು. ಚಿಕ್ಕ ಅಂಗಳ, ಆಫ್‌ಸೈಡ್ ಇಲ್ಲ, ಬಿರುಸಿನ ಆಟ, ರಾತ್ರಿ ದೀಪದ ಬೆಳಕಿನಲ್ಲಿ ಸಾವಿರಾರು ಜನ. ಪಂದ್ಯಕ್ಕಿಷ್ಟೆಂದು ಹಣ ಪಡೆದು ಆಡುವವರು ಊರಿನವರೂ ಇದ್ದಾರೆ, ಆಫ್ರಿಕದಿಂದ ಬಂದವರೂ ಇದ್ದಾರೆ. ಅದರ ಗಾಳಿ ನಮ್ಮ ಕಡೆಗೂ ಬೀಸಿದೆ. ಹಣಕ್ಕೆ ಕರೆಸಿಕೊಂಡ ಆಟಗಾರನು ಇಂದು ಈ ಊರು, ನಾಳೆ ಆ ಊರು. ಅವನು ದಿನಗೂಲಿ. ಗಾಯವಾದ ದಿನ ಅವನ ಕೂಲಿ ನಿಂತಿತು. ಅವನ ಕಾಲನ್ನು ಉಳಿಸಿಕೊಳ್ಳುವ ಅಗತ್ಯ ಯಾವ ಮಾಲಿಕನಿಗೂ ಇಲ್ಲ. ನಾಳೆ ಬೇರೊಬ್ಬ ಸಿಗುತ್ತಾನೆ. ಮುರಕಲ್ಲಿನ ಒರಟು ನೆಲದಲ್ಲಿ ಹಿಂದಿನಿಂದ ಜಾರಿ ಬಂದು ಒದ್ದವನಿಗೆ ಕಾರ್ಡು ತೋರಿಸಿದರೆ ಪ್ರೇಕ್ಷಕರು ಕೂಗುತ್ತಾರೆಂದು ರೆಫರಿಯೂ ಅಂಜುತ್ತಾನೆ. ಟ್ಯಾಕಲಿನ ಕಟ್ಟಳೆ ಅತ್ಯಗತ್ಯವಾಗಿ ಬೇಕಾದ ಜಾಗದಲ್ಲಿಯೇ ಅದು ಅತ್ಯಂತ ದುರ್ಬಲವಾಗಿದೆ.

ಮೂರು ಕಲ್ಲಿಲ್ಲದೆ ಒಲೆ ನಿಲ್ಲುವುದಿಲ್ಲ. ಆಟಗಾರನ ಭದ್ರತೆಗೂ ಮೂರು ಕಲ್ಲು ಬೇಕು: ಒಳಗೆ ಕಟ್ಟಳೆ, ರೇಖೆಯ ಬದಿಯಲ್ಲಿ ವೈದ್ಯ, ಮನೆಗೆ ಪರಿಹಾರ. ಜಗತ್ತಿನ ದೊಡ್ಡ ಚರ್ಚೆಯೆಲ್ಲ ಮೊದಲ ಕಲ್ಲಿನ ಸುತ್ತಲೇ ನಡೆಯುತ್ತಿದೆ. ಇತರ ಎರಡು ಕಲ್ಲುಗಳನ್ನು ಇಡುವುದಕ್ಕೆ ಫೀಫಾದ ಅಪ್ಪಣೆ ಬೇಕಿಲ್ಲ. ಊರಿನವರೇ ಇಡಬಹುದು.

ಆದುದರಿಂದ ಈ ಸಭೆಯ ಮುಂದೆ ನನ್ನ ಸೂಚನೆಗಳು ಇವು. ನಮ್ಮ ಜಿಲ್ಲೆಯಲ್ಲಿ ಟಿಕೆಟು ಮಾರಿ ಅಥವಾ ಚಂದಾ ಎತ್ತಿ ನಡೆಸುವ ಪ್ರತಿಯೊಂದು ಕೂಟದಲ್ಲಿಯೂ ಅಪಾಯಕಾರಿ ಟ್ಯಾಕಲಿಗೆ ಕೆಂಪು ಕಾರ್ಡು ತಪ್ಪದೆ ಜಾರಿಯಾಗಬೇಕು. ತಲೆಗೆ ಪೆಟ್ಟಾದವನ ಬದಲು ಹೆಚ್ಚುವರಿ ಆಟಗಾರನನ್ನು ಇಳಿಸುವ ಕಟ್ಟಳೆಯನ್ನು ಅಳವಡಿಸಿಕೊಳ್ಳಬೇಕು. ಅದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಮೊಳಕಾಲಿನ ಪಟ್ಟಿ ಕಟ್ಟದೆ ಯಾರನ್ನೂ ಇಳಿಸಬಾರದು. 1990ರಿಂದ ಅದು ಕಾನೂನೇ ಆಗಿದೆ. ಆಂಬುಲೆನ್ಸ್ ಮತ್ತು ಒಬ್ಬ ವೈದ್ಯರು ಬರುವ ತನಕ ಪಂದ್ಯದ ಸೀಟಿ ಊದಬಾರದು. ಮಂಗಳೂರು ಆಸ್ಪತ್ರೆಗಳ ಊರು, ಮೆಡಿಕಲ್ ಕಾಲೇಜುಗಳ ಊರು. ಇಲ್ಲಿ ವೈದ್ಯರಿಲ್ಲವೆಂದರೆ ಯಾರೂ ನಂಬುವುದಿಲ್ಲ. ಕೂಟದ ಲೆಕ್ಕದಲ್ಲಿ ಟ್ರೋಫಿಯ ಬಾಬ್ತಿಗಿಂತ ಮೊದಲು ಆಟಗಾರರ ಅಪಘಾತ ವಿಮೆಯ ಬಾಬ್ತು ಬರೆಯಬೇಕು. ಚಂದಾ ಕೊಡುವ ವರ್ತಕ ಬಂಧುಗಳೇ, ಇದು ನಿಮ್ಮ ಕೈಯಲ್ಲಿದೆ. ರಶೀದಿ ಪುಸ್ತಕ ಹಿಡಿದು ಅಂಗಡಿಗೆ ಬಂದವರನ್ನು ಒಂದೇ ಪ್ರಶ್ನೆ ಕೇಳಿರಿ: “ವಿಮೆ ಮಾಡಿದ್ದೀರಾ?” ಇಲ್ಲವೆಂದರೆ ಮೊದಲು ಮಾಡಿ ಬನ್ನಿರೆಂದು ಕಳುಹಿಸಿರಿ. ಹತ್ತು ಅಂಗಡಿಗಳಲ್ಲಿ ಈ ಪ್ರಶ್ನೆ ಬಂದರೆ ಹನ್ನೊಂದನೆಯ ಅಂಗಡಿಗೆ ಬರುವ ಮೊದಲು ವಿಮೆ ಆಗಿರುತ್ತದೆ.

ಆಟಗಾರ ತರುಣರಿಗೂ ಒಂದು ಮಾತು. ಹಕ್ಕು ಒಬ್ಬೊಬ್ಬರಾಗಿ ಕೇಳಿದವರಿಗೆ ಸಿಕ್ಕಿದ್ದಿಲ್ಲ. ಇಂಗ್ಲೆಂಡಿನ ಆಟಗಾರರು 1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಂಘ ಕಟ್ಟಿದರು. ಇಂತಿಷ್ಟಕ್ಕಿಂತ ಹೆಚ್ಚು ಸಂಬಳ ಕೊಡಬಾರದೆಂಬ ಮಾಲಿಕರ ಕಟ್ಟಳೆಯನ್ನು 1961ರಲ್ಲಿ ಮುಷ್ಕರದ ಎಚ್ಚರಿಕೆ ಕೊಟ್ಟು ಮುರಿದರು. ನಮ್ಮ ದೇಶದಲ್ಲಿಯೂ 2006ರಲ್ಲಿ ಬೈಚುಂಗ್ ಭುಟಿಯಾ ಮುಂತಾದವರು ಆಟಗಾರರ ಸಂಘವೊಂದನ್ನು ಸ್ಥಾಪಿಸಿದರು. ಎದುರು ತಂಡದವನು ತೊಂಬತ್ತು ನಿಮಿಷ ನಿಮ್ಮ ಎದುರಾಳಿ, ಉಳಿದ ಹೊತ್ತೆಲ್ಲ ನಿಮ್ಮ ಜೊತೆ ಕೆಲಸಗಾರ. ಅವನ ಕಾಲನ್ನು ಮುರಿದರೆ ನಿಮ್ಮಂಥವನೊಬ್ಬನ ಅನ್ನವನ್ನು ಕಸಿದಂತೆ. ಚೆಂಡನ್ನು ಕಸಿಯಿರಿ, ಅನ್ನವನ್ನು ಕಸಿಯಬೇಡಿರಿ.

ಪ್ರೇಕ್ಷಕರಾದ ನಾವೂ ನಮ್ಮ ನಾಲಗೆಯನ್ನು ಸ್ವಲ್ಪ ಬಿಗಿ ಹಿಡಿಯಬೇಕು. “ಹಾಕು ಅವನ ಕಾಲಿಗೆ” ಎಂದು ಕೂಗುವುದು ಸುಲಭ. ಆಸ್ಪತ್ರೆಯ ಬಿಲ್ಲು ಬಂದಾಗ ಆ ಕೂಗಿದವರಲ್ಲಿ ಎಷ್ಟು ಮಂದಿ ಮುಂದೆ ಬರುತ್ತಾರೆ? ಕಾರ್ಖಾನೆಯಲ್ಲಿ ಜೊತೆಗಾರನ ಕೈಗೆ ಪೆಟ್ಟಾದರೆ ಯಂತ್ರ ನಿಲ್ಲಿಸಿ ಓಡುವವರು ನಾವು. ಮೈದಾನದಲ್ಲಿಯೂ ಆ ಬುದ್ಧಿ ನಮ್ಮನ್ನು ಬಿಡದಿರಲಿ.

ಈ ಸೂಚನೆಗಳನ್ನು ನಿರ್ಣಯವಾಗಿ ಅಂಗೀಕರಿಸಿ, ಬರುವ ಮಳೆಗಾಲದ ಪಂದ್ಯಗಳಿಗೆ ಮುಂಚೆಯೇ ಕೂಟದ ವ್ಯವಸ್ಥಾಪಕರಿಗೂ ಜಿಲ್ಲಾಧಿಕಾರಿಗಳಿಗೂ ತಲುಪಿಸಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.